ಚಗಳಿ ಪುಡಿಗೆ ಉಬ್ಬಚ್ಚಿನ ಬಾಕ್ಸ್ ಮಾಡುವುದು ಹೀಗೆ

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟದಲ್ಲಿ ದುಡಿದವರಿಗೆ ಚಗಳಿ (ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆ) ಅಂದರೆ ಮೊದಲು ನೆನಪಾಗುವುದು ಕಡಿತ, ಆಮೇಲೆ ಹುಳಿ ಚಟ್ನಿ. ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಆ ಹುಳಿಗೆ ಕಾರಣ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಅನ್ನುವ ಮಾನ್ಯತೆ) ಸಿಕ್ಕಿತು. ನಮ್ಮ ಚಗಳಿಯನ್ನೂ ಹುರಿದು, ಪುಡಿ ಮಾಡಿ ಅಂಗಡಿಗೆ ತರಬೇಕು ಅನ್ನುವವರು ಬಾಕ್ಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಯೋಚಿಸಬೇಕು. ಇದನ್ನು ತಿಂದು ಅಭ್ಯಾಸ ಇಲ್ಲದವರು ಬಾಕ್ಸ್ ಎತ್ತಿಕೊಂಡಾಗ ಬೆರಳಿಗೆ ಹಿತ ಅನ್ನಿಸಿದರೆ, ಅರ್ಧ ಹಿಂಜರಿಕೆ ಅಲ್ಲೇ ಹೋಗುತ್ತದೆ.

ಅದಕ್ಕೇ ಉಬ್ಬಚ್ಚು, ಅಂದರೆ ರಟ್ಟನ್ನು ಒತ್ತಿ ಚಿತ್ರವನ್ನು ಬೆರಳಿಗೆ ಸಿಗುವಂತೆ ಮೇಲೆತ್ತುವುದು (ಎಂಬಾಸಿಂಗ್). ಏನನ್ನು ಉಬ್ಬಿಸಬೇಕು ಅನ್ನುವುದು ಮೊದಲ ತೀರ್ಮಾನ. ಇರುವೆಯ ಕಾಲು, ಮೀಸೆ ಬೇಡವೇ ಬೇಡ. ಕೈಮೇಲೆ ಏನೋ ಹರಿದ ಹಾಗಾಗುತ್ತದೆ. ಹಾಗಂತ ಇರುವೆಯನ್ನು ಮುಚ್ಚಿಡುವುದೂ ತಪ್ಪು. ಹೆಸರು, ಚಿತ್ರ ಎರಡೂ ಮುಂಭಾಗದಲ್ಲಿ ಸಪಾಟಾಗಿ ಅಚ್ಚಾಗಲಿ. ಬೇಲೂರಿನ ಕಂಬದ ಗೆರೆಗಳು ಚೆಂದ ಕಾಣುತ್ತವೆ, ನಿಜ. ಆದರೆ ಮಾಂಸಾಹಾರದ ಬಾಕ್ಸ್ ಮೇಲೆ ದೇವಸ್ಥಾನ ತರಬೇಡಿ. ನಾನಂತೂ ಚಗಳಿ ಗೂಡನ್ನೇ ಆರಿಸುತ್ತೇನೆ. ಮರಿಹುಳುಗಳು ಬಿಡುವ ರೇಷ್ಮೆ ಎಳೆಯಿಂದ ಈ ಇರುವೆಗಳು ಹಸಿ ಎಲೆಗಳ ಅಂಚುಗಳನ್ನು ಸೇರಿಸಿ ಹೊಲಿಯುತ್ತವೆ. ಎಲೆಯ ನರ, ಆ ಹೊಲಿಗೆ, ಎರಡನ್ನೂ ಬೆರಳಿನಿಂದಲೇ ಓದಬಹುದು.

ಮಾದರಿಯನ್ನು ಮನೆಯಲ್ಲೇ ಮಾಡಿ. ನರ ದಪ್ಪಗಿರುವ ಹಲಸಿನ ಎಲೆಯನ್ನು ಪುಸ್ತಕದೊಳಗಿಟ್ಟು ಒಣಗಿಸಿ. ಅದರ ಬೆನ್ನು ಮೇಲೆ ಬರುವಂತೆ ರಟ್ಟಿಗೆ ಅಂಟಿಸಿ. ಅಂಚಿನಲ್ಲಿ ಹೊಲಿಗೆಯ ಹಾಗೆ ಗೋಣಿ ದಾರದ ತುಂಡುಗಳನ್ನು ಅಂಟಿಸಿ. ಅಂಟು ಪೂರ್ತಿ ಒಣಗಲಿ. ಆಮೇಲೆ ದಪ್ಪ ಡ್ರಾಯಿಂಗ್ ಪೇಪರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೆತ್ತಗಾದ ಮೇಲೆ ರಟ್ಟಿನ ಮೇಲೆ ಹಾಸಿ. ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿನ ಕಡೆಗೆ ನಿಧಾನಕ್ಕೆ ಉಜ್ಜಿ. ನೀರು ಜಾಸ್ತಿಯಾದರೆ ಪೇಪರ್ ಹರಿಯುತ್ತದೆ. ಒಣಗಿದ ಮೇಲೆ ಎತ್ತಿ ನೋಡಿದರೆ ದಾರದ ಗೆರೆ, ನಡುವಿನ ನರ ಎದ್ದು ನಿಂತಿರುತ್ತವೆ. ಸಣ್ಣ ನರಗಳು ಮೂಡಿರುವುದಿಲ್ಲ. ಅವನ್ನು ವಿನ್ಯಾಸದಿಂದಲೇ ತೆಗೆದುಬಿಡಿ. ಯಂತ್ರದಲ್ಲೂ ತೀರಾ ಸಣ್ಣ ಗೆರೆ ಸರಿಯಾಗಿ ಮೂಡುವುದಿಲ್ಲ.

ಮನೆಯವರಿಗೆ, ಅಕ್ಕಪಕ್ಕದವರಿಗೆ ಕಣ್ಣು ಮುಚ್ಚಿಸಿ ಮುಟ್ಟಿಸಿ. ಸುಮ್ನೆ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ‘ಇದು ಏನು’ ಅಂತ ಕೇಳಿ. ‘ಎಲೆ ಇದ್ದಂಗಿದೆ’ ಅಂದರೆ ಸರಿ. ‘ಹುಳ’ ಅಂದರೆ ದಾರದ ತುಂಡುಗಳನ್ನು ಉದ್ದ ಮಾಡಿ, ನಡುವೆ ಜಾಗ ಬಿಡಿ. ಗಿಡ್ಡ ಗೆರೆಗಳು ಒತ್ತೊತ್ತಾಗಿದ್ದರೆ ಕಾಲುಗಳ ಹಾಗೇ ಅನ್ನಿಸುತ್ತವೆ.

ಮದುವೆ ಕಾರ್ಡಿನ ಮೇಲೆ ಗಣಪತಿಯನ್ನು ಉಬ್ಬಿಸಿಕೊಡುವ ಪ್ರೆಸ್‌ನವರಿಗೆ ಮುಂದಿನ ಕೆಲಸ ಗೊತ್ತಿರುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ರಟ್ಟು ಸಾಕು. ಮೊದಲು ಪ್ರಿಂಟ್, ಆಮೇಲೆ ಮ್ಯಾಟ್ ಲ್ಯಾಮಿನೇಷನ್ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಹೊದಿಕೆ), ನಂತರ ಉಬ್ಬಚ್ಚು, ಕೊನೆಗೆ ಕತ್ತರಿಸಿ ಅಂಟಿಸುವುದು. ನಮ್ಮ ಮಳೆಗಾಲದ ತೇವಕ್ಕೆ ಬರೀ ಪೇಪರ್ ಮೆತ್ತಗಾಗಿ ಉಬ್ಬು ಕುಸಿಯುತ್ತದೆ, ಲ್ಯಾಮಿನೇಷನ್ ಬಿಡಬೇಡಿ. ಪುಡಿ ಮಾತ್ರ ಒಳಗೆ ಸೀಲ್ ಮಾಡಿದ ಫಾಯಿಲ್ ಪೌಚಿನಲ್ಲೇ ಇರಬೇಕು. ಇರುವೆಯಲ್ಲಿ ಕೊಬ್ಬಿನಂಶ ಇರುವುದರಿಂದ ಗಾಳಿ, ಬೆಳಕು ತಾಗಿದರೆ ಕಮಟು ವಾಸನೆ ಬರುತ್ತದೆ.

ಮಾರುವ ಮುಂಚೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅನುಮತಿ ಕೇಳಿ ಪಡೆಯಿರಿ. ಮಾಂಸಾಹಾರದ ಗುರುತಾದ ಚೌಕದೊಳಗಿನ ಕಂದು ತ್ರಿಕೋನ, 14 ಅಂಕಿಯ ಲೈಸೆನ್ಸ್ ನಂಬರ್, ಬಾರ್‌ಕೋಡ್, ಇವು ಇರುವ ಜಾಗದಲ್ಲಿ ಉಬ್ಬು ಬರಬಾರದು. ಸೀಗಡಿ, ಏಡಿ ತಿಂದರೆ ಅಲರ್ಜಿ ಆಗುವವರಿಗೆ ಕೀಟ ತಿಂದರೂ ಆಗಬಹುದು. ಆ ಎಚ್ಚರಿಕೆಯನ್ನು ಅದೇ ಸಪಾಟು ಜಾಗದಲ್ಲಿ, ಕನ್ನಡದಲ್ಲೂ, ದಪ್ಪಕ್ಷರದಲ್ಲಿ ಹಾಕಿಸಿ.