ನೀರಿನಡಿ ಕಿವಿಯಿಟ್ಟು 15 ವರ್ಷ

ನಾನು ನೌಕಾಪಡೆಯಲ್ಲಿದ್ದೆ ಅಂದರೆ ನಮ್ಮ ಬನಹಟ್ಟಿಯಲ್ಲಿ ಮೊದಲು ಬರುವ ಪ್ರಶ್ನೆ ‘ಈಸಾಕ ಬರ್ತೈತೇನು?’ ಎರಡನೆಯದು ಆವತ್ತಿನ ಪೇಪರ್ ಮೇಲೆ ಹೋಗುತ್ತದೆ. ನಮ್ಮ ಕಡೆಯ ಸಮುದ್ರದಲ್ಲಿ ಚೀನಾದ ಸಬ್‌ಮರೀನ್ ಅಂತ ಸುದ್ದಿ ಬಂದ ದಿನ ಚಾದಂಗಡಿಯಲ್ಲಿ ನನ್ನನ್ನು ಬಿಡುವುದಿಲ್ಲ. ‘ಅಲ್ಲೋ ತಮ್ಮಾ, ಉಪಗ್ರಹದಾಗ ರಸ್ತಾದ ಮ್ಯಾಲಿನ ಕಾರು ಕಾಣ್ತಾವ ಅಂತಾರ. ಅಷ್ಟು ದೊಡ್ಡ ಜಹಾಜ ಕಾಣಂಗಿಲ್ಲೇನು?’

ಕಾಣಲ್ಲ. ರೇಡಾರ್ ಅಲೆ ಉಪ್ಪುನೀರಿನೊಳಗೆ ಇಳಿಯುವುದೇ ಇಲ್ಲ. ಬೆಳಕು ಸ್ವಲ್ಪ ಇಳಿದು ಸತ್ತುಹೋಗುತ್ತದೆ. ನೀರಲ್ಲಿ ದೂರ ಹೋಗುವುದು ಸದ್ದು ಒಂದೇ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗುವ ಸದ್ದು ಸಮುದ್ರದಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ. ಹಾಗಾಗಿ ಸಬ್‌ಮರೀನ್ ಹುಡುಕುವುದು ಅಂದರೆ ಬಹುಪಾಲು ಕಿವಿಯ ಕೆಲಸ. ನಾನು ಮಾಡಿದ್ದು ಅದೇ, ಸೋನಾರ್ ಆಪರೇಟರ್ ಕೆಲಸ. (ಸೋನಾರ್ ಅಂದರೆ ನೀರಿನಡಿಯ ಸದ್ದು ಹಿಡಿಯುವ ಯಂತ್ರ.) ಯಾವ ಹಡಗು, ಯಾವ ಯಂತ್ರ, ಎಷ್ಟು ದೂರ ಕೇಳುತ್ತಿತ್ತು ಅನ್ನೋದನ್ನೆಲ್ಲ ಬರೆಯಲ್ಲ. ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ.

ನಾನು ಹುಟ್ಟಿದ್ದು ಪವರ್‌ಲೂಮ್ ಮನೆಯಲ್ಲಿ. ಮುಂದೆ ಮನೆ, ಹಿಂದೆ ತಗಡಿನ ಶೆಡ್, ಅದರಲ್ಲಿ ಆರು ಮಗ್ಗ. ರಬಕವಿ-ಬನಹಟ್ಟಿಯಲ್ಲಿ ಸೀರೆ ನೇಯುವ ಎಷ್ಟೋ ಮನೆಗಳು ಹೀಗೇ. ಒಂದು ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ನೂರು, ನೂರಿಪ್ಪತ್ತು ಸಲ ಓಡುತ್ತದೆ. ಆರೂ ಶುರುವಾದರೆ ಮಾತಿಲ್ಲ, ಬರೀ ಕೈಸನ್ನೆ. ಅಪ್ಪನ ಕಿವಿ ನಲವತ್ತರೊಳಗೇ ಮಂದವಾಗಿತ್ತು. ನನ್ನ ಕಿವಿ ಉಳಿದದ್ದು ಐದನೇ ಇಯತ್ತೆಗೇ ಹಾಸ್ಟೆಲಿಗೆ ಹಾಕಿದ್ದರಿಂದ. ಆದರೆ ಅಷ್ಟು ಮಂದ ಕಿವಿಯ ಅಪ್ಪ, ಊಟಕ್ಕೆ ಕೂತವರು, ಕೈಯಲ್ಲಿ ತುತ್ತು ಹಿಡಿದುಕೊಂಡೇ ತಲೆ ಎತ್ತುತ್ತಿದ್ದರು. ‘ಮೂರನೇದು ನಿಂತೈತಿ, ನೋಡ್ ಹೋಗ.’ ಹೋಗಿ ನೋಡಿದರೆ ಹೊಕ್ಕಿನ ಎಳೆ ಕಡಿದು ಮೂರನೇ ಮಗ್ಗ ನಿಂತಿರುತ್ತಿತ್ತು. ಕೇಳಿಸದವರಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ನೆಲದ ನಡುಕದಿಂದ. ಆರು ಮಗ್ಗಕ್ಕೂ ಆರು ನಡಿಗೆ, ಅದರಲ್ಲಿ ಒಂದು ಕಾಲಿಗೆ ಸಿಗಲಿಲ್ಲ ಅಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಡಿಶಾದ ಚಿಲ್ಕಾದಲ್ಲಿ ಮೊದಲ ತರಬೇತಿ, ಆಮೇಲೆ ಕೊಚ್ಚಿ. ಕೊಚ್ಚಿಯಲ್ಲಿ ಹೆಡ್‌ಫೋನ್ ಹಾಕಿಸಿ ಗಂಟೆಗಟ್ಟಲೆ ಸದ್ದು ಕೇಳಿಸುತ್ತಿದ್ದರು. ಮಳೆ, ತಿಮಿಂಗಿಲ, ಟ್ರಾಲರ್, ಟ್ಯಾಂಕರ್. ಸಿಗಡಿ ಜಾತಿಯದೊಂದು ಜೀವಿ ಕೊಂಡಿ ಚಟಕಾಯಿಸುತ್ತದೆ. ಸಾವಿರಾರು ಸೇರಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ, ನಿಲ್ಲುವುದೇ ಇಲ್ಲ. ಆ ಚಟಪಟದ ಹಿಂದೆ ಎಲ್ಲೋ ಪ್ರೊಪೆಲ್ಲರ್ ಬಡಿತ ಇರುತ್ತದೆ, ಅದನ್ನು ಎಣಿಸಬೇಕು. ನಾಲ್ಕು ಎಲೆಯ ಪ್ರೊಪೆಲ್ಲರ್ ಆದರೆ ನಾಲ್ಕು ಬಡಿತಕ್ಕೆ ಒಂದು ಸುತ್ತು. ನಾಲ್ಕರಲ್ಲಿ ಒಂದು ಎಲೆ ಸ್ವಲ್ಪ ಬೇರೆಯಾಗಿ ಬಡಿಯುತ್ತದೆ, ಅದನ್ನು ಹಿಡಿದರೆ ಲೆಕ್ಕ ತಪ್ಪಲ್ಲ. ದೊಡ್ಡ ಸರಕು ಹಡಗಿನ ಪ್ರೊಪೆಲ್ಲರ್ ನಿಮಿಷಕ್ಕೆ ನೂರರ ಆಸುಪಾಸು ತಿರುಗುತ್ತದೆ. ನಮ್ಮ ಮಗ್ಗದ ವೇಗವೇ! ಉಳಿದವರು ಸ್ಟಾಪ್‌ವಾಚ್ ಹುಡುಕುವಾಗ ನಾನು ಕಾಲಲ್ಲಿ ತಾಳ ಹಾಕಿ ಸಂಖ್ಯೆ ಹೇಳಿಬಿಡುತ್ತಿದ್ದೆ. ಅದರಿಂದ ಸ್ವಲ್ಪ ಸೊಕ್ಕೂ ಬಂತು.

ಸೊಕ್ಕು ಇಳಿದದ್ದು ಹಡಗಿಗೆ ಹೋದ ಎರಡನೇ ವಾರ. ರಾತ್ರಿ ಪಾಳಿಯಲ್ಲಿ ‘ಟಕ್, ಟಕ್’ ಅಂತ ಸದ್ದು ಸಿಕ್ಕಿತು. ಬೇರಿಂಗ್ ಸಮೇತ ಕೂಗಿ ಹೇಳಿದೆ. (ಬೇರಿಂಗ್ ಅಂದರೆ ದಿಕ್ಕು, ನಮ್ಮ ಶೆಡ್ಡಿನ ಬಾಲ್ ಬೇರಿಂಗ್ ಅಲ್ಲ.) ಪಕ್ಕದಲ್ಲಿದ್ದ ಹಿರಿಯರು ಏನೂ ಮಾತಾಡದೆ, ಹಡಗನ್ನು ಸ್ವಲ್ಪ ತಿರುಗಿಸಿ ಅಂತ ಮೇಲೆ ಕೇಳಿಕೊಂಡರು. ಹಡಗು ತಿರುಗಿತು, ಅದರ ಜೊತೆಗೇ ನನ್ನ ‘ಶತ್ರು’ವೂ ತಿರುಗಿದ. ಮೂತಿಯಿಂದ ಎಷ್ಟು ಓರೆಯಲ್ಲಿ ಇತ್ತೋ ಅಷ್ಟೇ ಓರೆಯಲ್ಲಿ ಉಳಿಯಿತು. ಅಂದರೆ ಅದು ನಮ್ಮ ಹಡಗಿನದೇ ಸದ್ದು. ಯಾವುದೋ ಪಂಪಿನ ಬುಡ ಸಡಿಲಾಗಿತ್ತು. ಮರುದಿನದಿಂದ ನನಗೆ ಕೊಟ್ಟ ಕೆಲಸ ಒಂದೇ: ಹಡಗಿನ ತುಂಬ ಓಡಾಡಿ, ಯಾವ ಪಂಪು, ಯಾವ ಫ್ಯಾನು, ಅಡುಗೆಮನೆಯ ಫ್ರಿಜ್ಜು ಹೇಗೆ ಗುಂಯ್‌ಗುಡುತ್ತದೆ ಅಂತ ಕಲಿಯುವುದು. ಅಪ್ಪನ ಆರು ಮಗ್ಗದ ಹಾಗೆ. ಒಂದು ತಿಂಗಳು ಹಿಡಿಯಿತು.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಡೀಸೆಲ್ ಸಬ್‌ಮರೀನ್ ನೀರಿನಡಿ ಓಡುವುದು ಬ್ಯಾಟರಿಯ ಮೇಲೆ. ನಿಧಾನ ಹೊರಟರೆ ಅದರಿಂದ ಸದ್ದೇ ಇಲ್ಲ ಅನ್ನುವಷ್ಟು ಕಡಿಮೆ. ಯಂತ್ರಗಳೆಲ್ಲ ರಬ್ಬರ್ ಮೇಲೆ ಕೂತಿರುತ್ತವೆ. ಹೊರಮೈಗೂ ರಬ್ಬರ್ ಹಾಸು, ನಾವು ಕಳಿಸಿದ ಸದ್ದನ್ನು ಅದು ನುಂಗಿಕೊಳ್ಳುತ್ತದೆ. ನಮ್ಮಲ್ಲೂ 1986ರಿಂದ ಇರುವ ರಷ್ಯಾದ ಕಿಲೋ ಜಾತಿಯ ಸಬ್‌ಮರೀನ್‌ಗಳಿಗೆ ಪಶ್ಚಿಮದವರು ಇಟ್ಟ ಅಡ್ಡಹೆಸರೇ ಕಪ್ಪು ರಂಧ್ರ. ಬ್ಯಾಟರಿ ತುಂಬಿಸಲು ಮೇಲೆ ಬಂದು, ಮೂಗಿನಂಥ ಕೊಳವೆ ಹೊರಗೆ ಹಾಕಿ, ಡೀಸೆಲ್ ಎಂಜಿನ್ ಓಡಿಸುವಾಗ ಮಾತ್ರ ಅದು ಸಿಕ್ಕಿಬೀಳುವ ಸಂಭವ ಜಾಸ್ತಿ. ಹೊರಗಿನ ಗಾಳಿಯಿಲ್ಲದೆ ವಿದ್ಯುತ್ ಮಾಡಿಕೊಳ್ಳುವ ಯಂತ್ರ ಪಾಕಿಸ್ತಾನದ ಅಗೊಸ್ಟಾ ಸಬ್‌ಮರೀನ್‌ಗಳಿಗೆ ಬಂದ ಮೇಲೆ ಆ ಅವಕಾಶವೂ ಕಡಿಮೆಯಾಯಿತು. ಎಷ್ಟು ಮೌನ ಅಂದರೆ, 2009ರ ಫೆಬ್ರವರಿಯಲ್ಲಿ ಬ್ರಿಟನ್ನಿನ ವ್ಯಾನ್‌ಗಾರ್ಡ್, ಫ್ರಾನ್ಸಿನ ಲೆ ತ್ರಿಯೋಂಫಾಂ, ಎರಡೂ ಅಣ್ವಸ್ತ್ರ ಹೊತ್ತ ಸಬ್‌ಮರೀನ್‌ಗಳು, ಅಟ್ಲಾಂಟಿಕ್ ಸಾಗರದಲ್ಲಿ ಒಂದಕ್ಕೊಂದು ಗುದ್ದಿಕೊಂಡವು. ಅವೇ ಪರಸ್ಪರ ಕೇಳಿಸಿಕೊಳ್ಳಲಿಲ್ಲ. ನಾನು ಅಷ್ಟು ದೂರದಿಂದ ಏನು ಕೇಳಲಿ?

ಇದಕ್ಕೆ ಸಮುದ್ರವೂ ಅವರ ಪರ ನಿಲ್ಲುತ್ತದೆ. ಬೇಸಿಗೆಯಲ್ಲಿ ತೋಟದ ಬಾವಿಗೆ ಜಿಗಿದವರಿಗೆ ಗೊತ್ತು: ಮೇಲಿನ ಮೊಳದಷ್ಟು ನೀರು ಬೆಚ್ಚಗೆ, ಕಾಲ ಹತ್ತಿರ ಒಮ್ಮೆಲೇ ತಣ್ಣಗೆ. ಸಮುದ್ರದಲ್ಲೂ ಹೀಗೇ ಪದರ ಇರುತ್ತದೆ. ಬೆಚ್ಚನೆಯ ನೀರಲ್ಲಿ ಸದ್ದು ಜೋರಾಗಿ ಓಡುತ್ತದೆ, ತಣ್ಣನೆಯದರಲ್ಲಿ ನಿಧಾನ. ನಮ್ಮ ಕಡೆಯ ನೀರಲ್ಲಿ ಒಂದು ಡಿಗ್ರಿಗೆ ಸೆಕೆಂಡಿಗೆ ಎರಡು ಮೂರು ಮೀಟರ್ ವ್ಯತ್ಯಾಸ. ಅಷ್ಟಕ್ಕೇ ಸದ್ದು ತಣ್ಣನೆ ಕಡೆಗೆ ಬಾಗಿ, ಕೆಳಗೆ ಮುಳುಗಿ ಹೋಗುತ್ತದೆ. ಪದರದ ಕೆಳಗೆ ಇರುವವನು ಕಂಬಳಿ ಹೊದ್ದ ಹಾಗೆ.

ಕಲಿತ ಪಾಠ ಇದು, ಆದರೂ ಒಂದು ಕವಾಯತಿನಲ್ಲಿ ಏಟು ತಿಂದೆ. ನಮ್ಮದೇ ಸಬ್‌ಮರೀನ್ ‘ಶತ್ರು’, ನಾವು ಹುಡುಕುವವರು. ಬೆಳಿಗ್ಗೆ ನೀರಿನ ಬಿಸಿ ಅಳೆದೆವು. ಅದಕ್ಕೆ ಬಿ.ಟಿ. ಹಾಕುವುದು ಅನ್ನುತ್ತೇವೆ. ಕೂದಲಿನಂಥ ತಾಮ್ರದ ತಂತಿಗೆ ಕಟ್ಟಿದ ಒಂದು ಸಣ್ಣ ಗುಂಡು ಕೆಳಗೆ ಇಳಿಯುತ್ತ ಹೋಗಿ ಎಷ್ಟು ಆಳಕ್ಕೆ ಎಷ್ಟು ಬಿಸಿ ಅಂತ ಹೇಳುತ್ತದೆ. ಚೆನ್ನಾಗಿತ್ತು, ದೂರದವರೆಗೆ ಕೇಳುವ ನೀರು. ಮಧ್ಯಾಹ್ನ ಗಾಳಿ ನಿಂತಿತು, ಸಮುದ್ರ ಎಣ್ಣೆಯ ಹಾಗೆ, ಬಿಸಿಲು ಸುಡುತ್ತಿತ್ತು. ನಾನು ಬೆಳಗಿನ ಲೆಕ್ಕದ ಮೇಲೇ ಕೂತಿದ್ದೆ. ಹೆಡ್‌ಫೋನಿನಲ್ಲಿ ಸಾಸಿವೆ ಒಗ್ಗರಣೆ ಬಿಟ್ಟರೆ ಏನೂ ಇಲ್ಲ. ‘ಕ್ಲಿಯರ್’ ಅಂತ ವರದಿ ಕೊಟ್ಟು ಐದು ನಿಮಿಷ ಆಗಿರಲಿಲ್ಲ, ಮೇಲೆ ಗದ್ದಲ. ನಮ್ಮ ಬೆನ್ನ ಹಿಂದೆಯೇ ನೀರಿನಿಂದ ಹಸಿರು ಫ್ಲೇರ್ ಎದ್ದಿತ್ತು. ಹಾಗಂದರೆ ‘ಟಾರ್ಪಿಡೊ ಬಿಟ್ಟಾಯ್ತು, ನೀವು ಸತ್ತಿರಿ’ ಅಂತ. ಮೈಕಿನಲ್ಲಿ ಕ್ಯಾಪ್ಟನ್ ದನಿ ಬಂತು: ‘ಸೋನಾರ್, ಸೋ ಗಯೇ ಕ್ಯಾ?’

ನಿದ್ದೆ ಮಾಡಿರಲಿಲ್ಲ. ಬಿಸಿಲಿಗೆ ಮೇಲಿನ ಕೆಲವೇ ಮೀಟರ್ ನೀರು ಕಾದು, ನಮ್ಮ ಸೋನಾರ್ ಕೇಳುವ ದೂರ ಕುಗ್ಗಿಹೋಗಿತ್ತು. 1930ರ ದಶಕದಲ್ಲಿ ಅಮೆರಿಕದ ನೌಕಾಪಡೆಗೂ ಇದು ಅರ್ಥವಾಗಿರಲಿಲ್ಲ. ಊಟ ಮಾಡಿ ಆಪರೇಟರ್‌ಗಳು ತೂಕಡಿಸುತ್ತಾರೆ ಅಂತ ಗುಮಾನಿ ಪಟ್ಟಿದ್ದರಂತೆ. ಆಮೇಲೆ ನೀರಿನ ಬಿಸಿ ಅಳೆದು ನೋಡಿ, ಅದಕ್ಕೆ ‘ಮಧ್ಯಾಹ್ನದ ಪರಿಣಾಮ’ ಅಂತಲೇ ಹೆಸರಿಟ್ಟರು. ಅದನ್ನು ಕ್ಯಾಪ್ಟನ್‌ಗೆ ಹೇಳುವ ಧೈರ್ಯ ನನಗಿರಲಿಲ್ಲ, ಹೇಳಿದರೂ ತಪ್ಪು ನನ್ನದೇ. ಊಟದ ನಂತರ ಇನ್ನೊಮ್ಮೆ ಬಿ.ಟಿ. ಹಾಕಿಸಿ ಅಂತ ಕೇಳಬೇಕಿತ್ತು, ಕೇಳಿರಲಿಲ್ಲ. ಬೆನ್ನ ಹಿಂದಿನ ಭಾಗವಂತೂ ನಮ್ಮದೇ ಪ್ರೊಪೆಲ್ಲರ್ ಸದ್ದಿಗೆ ಸದಾ ಕಿವುಡು. ಸಬ್‌ಮರೀನಿನವನು ಎರಡೂ ಲೆಕ್ಕ ಹಾಕಿ ಬಂದಿದ್ದ. ಮುಂದೆ ನನ್ನ ಪಾಳಿಯಲ್ಲಿ ಗಾಳಿ ನಿಂತಿತು ಅಂದರೆ ಸಾಕು, ಬಿ.ಟಿ. ಕೇಳುತ್ತಿದ್ದೆ. ಬೈಸಿಕೊಂಡರೂ ಕೇಳುತ್ತಿದ್ದೆ.

ಸುಮ್ನೆ ಕೇಳುತ್ತ ಕೂರುವ ಬದಲು ನಾವೇ ಸದ್ದು ಕಳಿಸಿ ಪ್ರತಿಧ್ವನಿ ನೋಡಬಹುದಲ್ವಾ? ನೋಡುತ್ತೇವೆ. ಆದರೆ ಪಿಂಗ್ ಮಾಡಿದ ಕೂಡಲೇ ನಾವೆಲ್ಲಿದ್ದೇವೆ ಅಂತ ಅವನಿಗೆ ಗೊತ್ತಾಗುತ್ತದೆ, ಅದೂ ಅವನು ನಮಗೆ ಕಾಣುವುದಕ್ಕಿಂತ ಬಹಳ ಮೊದಲು. ಕತ್ತಲಲ್ಲಿ ಕಳ್ಳನನ್ನು ಹುಡುಕಲು ಬ್ಯಾಟರಿ ಹಚ್ಚಿದ ಹಾಗೆ. ಗುಜರಾತ್ ಕಡೆಯ ಆಳವಿಲ್ಲದ ನೀರಲ್ಲಿ ಇನ್ನೊಂದು ಪೀಡೆ: ತಳ, ಮೇಲ್ಮೈ, ಮೀನಿನ ಹಿಂಡು, ಎಲ್ಲದರಿಂದಲೂ ಪ್ರತಿಧ್ವನಿ. ಅಕ್ಕನ ಮಗನನ್ನು ವಿಜಯಪುರದ ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿ ಇದನ್ನು ತೋರಿಸಿದ್ದೆ. ಬೆಳಿಗ್ಗೆ ಯಾರೂ ಇಲ್ಲದಾಗ ಒಂದು ಚಪ್ಪಾಳೆ ಹೊಡೆದರೆ ಒಂದೊಂದು ಪ್ರತಿಧ್ವನಿಯನ್ನೂ ಎಣಿಸಬಹುದು. ಶಾಲೆ ಮಕ್ಕಳ ಬಸ್ಸು ಬಂದು ಎಲ್ಲರೂ ‘ಹೋ’ ಅಂತ ಕೂಗಿದ ಮೇಲೆ ನಮ್ಮ ಚಪ್ಪಾಳೆ ಎಲ್ಲಿ ಹೋಯಿತೋ! ‘ಮಾವಾ, ಅಲ್ಲಿ ಹಿಂಗಾ ಇರ್ತೈತೇನು?’ ಅಂದ. ಹೀಗೇ.

ಆ ಗದ್ದಲದಲ್ಲಿ ಕೈಹಿಡಿಯುವುದು ಸ್ವರ. ಸುತ್ತಲಿನ ಪ್ರತಿಧ್ವನಿಗಿಂತ ಒಂದು ಪ್ರತಿಧ್ವನಿ ಕೂದಲೆಳೆಯಷ್ಟು ಮೇಲಿನ ಸ್ವರದಲ್ಲಿ ಬಂದರೆ ಆ ವಸ್ತು ನಮ್ಮ ಕಡೆ ಬರುತ್ತಿದೆ, ಕೆಳಗಿದ್ದರೆ ದೂರ ಹೋಗುತ್ತಿದೆ. ಅದೇ ಸ್ವರ ಅಂದರೆ ಬಂಡೆಯೋ ಮುಳುಗಿದ ಹಡಗೋ ಇರಬಹುದು, ಇಲ್ಲವೇ ಅಡ್ಡ ಹೋಗುತ್ತಿರುವ ಸಬ್‌ಮರೀನೂ ಇರಬಹುದು. ಮೀನಿನ ಹಿಂಡಿನ ಪ್ರತಿಧ್ವನಿ ಹತ್ತಿಯಂತೆ, ಅಂಚು ಸಿಗಲ್ಲ.

ಮೀನು ಅಂದಾಗ ಸ್ವೀಡನ್ ಕಥೆ ಹೇಳಲೇಬೇಕು, ಚಾದಂಗಡಿಯಲ್ಲಿ ಇದಕ್ಕೆ ಬಹಳ ಬೇಡಿಕೆ. 1981ರಲ್ಲಿ ಸೋವಿಯತ್ ಸಬ್‌ಮರೀನ್ ಒಂದು ಸ್ವೀಡನ್ನಿನ ನೌಕಾನೆಲೆ ಹತ್ತಿರ ಬಂಡೆಗೆ ಹತ್ತಿ ಕೂತು ಸಿಕ್ಕಿಬಿತ್ತು. ಅಲ್ಲಿಂದ ಅವರಿಗೆ ನೀರಿನಡಿ ಏನು ಕೇಳಿದರೂ ರಷ್ಯಾದವರೇ. ಒಂದು ವಿಚಿತ್ರ ಗುಳುಗುಳು ಸದ್ದಿನ ಬೆನ್ನು ಹತ್ತಿ ವರ್ಷಗಟ್ಟಲೆ ಹುಡುಕಿದರು. 1990ರ ದಶಕದಲ್ಲಿ ವಿಜ್ಞಾನಿಗಳನ್ನು ಕರೆಸಿ ಕೇಳಿಸಿದರೆ, ಅದು ಹೆರಿಂಗ್ ಮೀನಿನ ಹಿಂಡು ಹೂಸು ಬಿಡುವ ಸದ್ದು! ನಗುತ್ತಾರೆ ಎಲ್ಲರೂ. ಪಂಪಿನ ಟಕ್‌ಟಕ್ ಕೂಗಿ ಹೇಳಿದ ನನಗೆ ಮಾತ್ರ ಅವರ ಮೇಲೆ ಮರುಕ ಇದೆ.

ನಗದೆ ಹೇಳುವ ಕಥೆಯೂ ಒಂದಿದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ನಮ್ಮ ಖುಕ್ರಿ ಹಡಗನ್ನು ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಖುಕ್ರಿ ಅಲ್ಲಿಗೆ ಹೋದದ್ದೇ ಸಬ್‌ಮರೀನ್ ಹುಡುಕಲು. ಪಾಳಿಯಲ್ಲಿ ಕಣ್ಣು ಎಳೆದಾಗ ನನಗೆ ಅದು ನೆನಪಾಗುತ್ತಿತ್ತು.

ಶಾಂತಿಕಾಲದಲ್ಲಿ ಹಿಡಿಯುವುದು ಅಂತ ಏನಿಲ್ಲ. ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ಬಂದರೆ ಹೊರಗಿನ ಸಬ್‌ಮರೀನ್ ಮೇಲೆದ್ದು ತನ್ನ ಬಾವುಟ ತೋರಿಸಬೇಕು ಅಂತ ಅಂತರರಾಷ್ಟ್ರೀಯ ಕಾನೂನು. ಅದರಾಚೆ ಅವನು ಮುಳುಗಿಯೇ ಓಡಾಡಬಹುದು. 2014ರಲ್ಲಿ ಚೀನಾದ ಸಬ್‌ಮರೀನ್ ಕೊಲಂಬೊ ಬಂದರಿಗೆ ಬಂದಾಗ ಫೋಟೊ ಸಮೇತ ಎಲ್ಲರಿಗೂ ಕಂಡಿತು. ಬರುವ ದಾರಿಯಲ್ಲಿ ಅದು ಎಲ್ಲಿತ್ತು ಅನ್ನೋದು ನಮ್ಮಂಥವರ ಪ್ರಶ್ನೆ.

‘ಹಂಗಾರ ನೀ ಒಂದರೇ ಹುಡುಕೀಯೇನು?’ ಅಂತ ಚಾದಂಗಡಿಯ ಕಾಕಾ ಪ್ರತಿ ಸಲ ಕೇಳುತ್ತಾರೆ.

ಒಂದು ರಾತ್ರಿ, ಅರಬ್ಬಿ ಸಮುದ್ರದಲ್ಲಿ, ಒಂದು ಪ್ರತಿಧ್ವನಿ ಸಿಕ್ಕಿತು. ಗಟ್ಟಿ ಅಂಚು, ಸ್ವರ ಸ್ವಲ್ಪ ಕೆಳಗೆ. ದೂರ ಹೋಗುತ್ತಿತ್ತು. ನಾವು ತಿರುಗಿದೆವು, ಸ್ವಲ್ಪ ಹೊತ್ತಿಗೆ ಅದೂ ತಿರುಗಿತು. ಮೀನು ಹಾಗೆ ತಿರುಗಲ್ಲ. 38 ನಿಮಿಷ ಹಿಡಿದುಕೊಂಡಿದ್ದೆ, ಬೆವರಿಗೆ ಹೆಡ್‌ಫೋನ್ ಜಾರುತ್ತಿತ್ತು. ಆಮೇಲೆ ತೆಳ್ಳಗಾಗುತ್ತ ಬಂದು ಇಲ್ಲವಾಯಿತು. ಹೆಲಿಕಾಪ್ಟರ್ ಬಂದು, ಕೊಳವೆಬಾವಿಗೆ ಮೋಟರ್ ಬಿಟ್ಟ ಹಾಗೆ ಪದರದ ಕೆಳಗೆ ಸೋನಾರ್ ಇಳಿಸಿ, ಬೆಳಗಿನತನಕ ಹುಡುಕಿತು. ಏನೂ ಸಿಗಲಿಲ್ಲ.

ನಮ್ಮ ದಾಖಲೆಯಲ್ಲಿ ಮೂರು ಮೆಟ್ಟಿಲು: ಪಾಸ್‌ಸಬ್ ಅಂದರೆ ಇರಬಹುದು, ಪ್ರಾಬ್‌ಸಬ್ ಅಂದರೆ ಬಹುಶಃ ಹೌದು, ಸರ್ಟ್‌ಸಬ್ ಅಂದರೆ ಖಂಡಿತ. ನಾನು ‘ಪ್ರಾಬ್‌ಸಬ್’ ಅಂದೆ. ಅಧಿಕಾರಿ ನನ್ನ ಮುಖ ನೋಡಿ, ಪೆನ್ನು ತೆಗೆದು, ‘ಪಾಸ್‌ಸಬ್’ ಅಂತ ಬರೆದರು.