ಡಾಲಸ್‌ನ ಮಹಡಿ ಕೋಣೆಗೆ ಎರಡನೆಯ ಎಸಿ: ಕೊಳ್ಳುವ ಮೊದಲು ಗಾಳಿಯ ದಾರಿ ನೋಡಿ

ರಜೆಗೆಂದು ಮೈಸೂರಿಗೆ ಬಂದು ಮೂರು ವಾರಗಳಾದವು. ಕುವೆಂಪುನಗರದ ನಮ್ಮ ಬೀದಿಯ ಎರಡು ಮನೆಗಳ ಮಕ್ಕಳು ಟೆಕ್ಸಾಸ್‌ನ ಡಾಲಸ್ ಸುತ್ತಮುತ್ತ ಕೆಲಸದಲ್ಲಿದ್ದಾರೆ. ಮಂಡ್ಯದಲ್ಲಿರುವ ನಮ್ಮ ಸೋದರತ್ತೆಯ ಮೊಮ್ಮಗ ಬರುವ ತಿಂಗಳು ಅಲ್ಲಿಗೇ ಹೊರಡುತ್ತಿದ್ದಾನೆ. ಹೋದ ಬೇಸಿಗೆಯಲ್ಲಿ ಆ ಎರಡೂ ಮನೆಯ ಮಕ್ಕಳು, ಮನೆಯಿಂದಲೇ ಕೆಲಸ ಮಾಡುವ ಕೋಣೆಯ ಸೆಕೆಯನ್ನು ತಾಳಲಾರದೆ, ಒಂದೇ ಬಗೆಯ ಪೋರ್ಟಬಲ್ ಎಸಿ ಯಂತ್ರವನ್ನು ಕೊಂಡು ಒಂದೇ ಬಗೆಯಲ್ಲಿ ಹಣ ಕಳೆದುಕೊಂಡರು. ಏಳು ವರ್ಷಗಳ ಹಿಂದೆ ನಾನು ಕೊಂಡಿದ್ದೂ ಅದನ್ನೇ. ಮಂಡ್ಯದ ಹುಡುಗನಿಗೆ ಎದುರು ಕೂರಿಸಿಕೊಂಡು ಹೇಳಿದ್ದನ್ನು ಉಳಿದವರಿಗೂ ತಿಳಿಯಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮಲ್ಲಿ ಎಸಿ ಎಂದರೆ ಒಂದು ಕೋಣೆಗೆ ಒಂದು ಯಂತ್ರ. ಅಲ್ಲಿ ಇಡೀ ಮನೆಗೆ, ಇಲ್ಲವೇ ಮನೆಯ ಒಂದೊಂದು ಅಂತಸ್ತಿಗೆ, ಒಂದೇ ದೊಡ್ಡ ಯಂತ್ರವಿರುತ್ತದೆ. ಅದನ್ನು ನಡೆಸುವ ಥರ್ಮೋಸ್ಟ್ಯಾಟ್ ಸಾಮಾನ್ಯವಾಗಿ ಕೆಳಗಿನ ನಡುಮನೆಯ ಗೋಡೆಯ ಮೇಲಿದ್ದು, ತಾನಿರುವ ಜಾಗ ತಣ್ಣಗಾಯಿತೆಂದರೆ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ನೀವು ಕೂತಿರುವ ಕೋಣೆ ಮಹಡಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ, ಕಾದ ಸೂರಿನ ಕೆಳಗಿರುವುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅಲ್ಲಿಯ ನಮ್ಮ ಮನೆಯಲ್ಲಿ ಕೆಳಗೆ 75 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದ್ದಾಗ ನನ್ನ ಕೋಣೆಯಲ್ಲಿ 86 ಇರುತ್ತಿತ್ತು, ಎಂದರೆ ನಮ್ಮ ಲೆಕ್ಕದಲ್ಲಿ 24 ಮತ್ತು 30.

ಹಣ ಖರ್ಚು ಮಾಡುವ ಮೊದಲು ಕೋಣೆಯ ಬಾಗಿಲನ್ನು ಗಮನಿಸಿ. "ಬಾಗಿಲು ಹಾಕಿ, ತಂಪೆಲ್ಲ ಆಚೆ ಹೋಗುತ್ತೆ" ಎಂದು ಹೇಳಿಸಿಕೊಂಡು ಬೆಳೆದವರು ನಾವು. ಕೋಣೆಯ ಗಾಳಿಯನ್ನೇ ಎಳೆದು ತಂಪುಮಾಡಿ ಮತ್ತೆ ಅದೇ ಕೋಣೆಗೆ ಬಿಡುವ ಸ್ಪ್ಲಿಟ್ ಎಸಿಗೆ ಆ ಮಾತು ಸರಿ. ಅಲ್ಲಿಯ ಮನೆಗಳಲ್ಲಿ ತಂಪು ಗಾಳಿ ಚಾವಣಿಯ ಕಿಂಡಿಯಿಂದ ಕೋಣೆಯೊಳಗೆ ಬಂದರೂ ಅದು ಯಂತ್ರಕ್ಕೆ ಮರಳುವ ಜಾಲರಿ ಹಲವು ಮನೆಗಳಲ್ಲಿ ಹೊರಗಿನ ಓಣಿಯಲ್ಲಿರುತ್ತದೆ. ಬಾಗಿಲು ಮುಚ್ಚಿದರೆ ಗಾಳಿಗೆ ಮರಳುವ ದಾರಿ ಬಾಗಿಲಡಿಯ ಸಂದಿಯೊಂದೇ. ಹೊರಹೋಗಲಾರದ ಗಾಳಿ ಒಳಬರುವ ಗಾಳಿಯನ್ನೂ ತಡೆಯುತ್ತದೆ. ಒಂದು ಮಧ್ಯಾಹ್ನ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಥರ್ಮೋಸ್ಟ್ಯಾಟಿನಲ್ಲಿ ತಂಪು ನಿಂತಾಗಲೂ ಫ್ಯಾನ್ ಸದಾ ಓಡುವಂತೆ ಮಾಡಿ ನೋಡಿ. ನಮ್ಮ ಬೀದಿಯ ಒಂದು ಮನೆಯ ಮಗಳಿಗೆ ಇಷ್ಟರಿಂದಲೇ ಕೋಣೆ ಐದು ಡಿಗ್ರಿ ಫ್ಯಾರನ್‌ಹೀಟ್ ಇಳಿಯಿತು. ಆದರೆ ಅಷ್ಟರಲ್ಲಿ ಅವಳು ಯಂತ್ರವನ್ನು ಕೊಂಡಾಗಿತ್ತು. ಕೊಳೆತುಂಬಿದ ಫಿಲ್ಟರನ್ನು ಬದಲಿಸಿ. ಬೇರೆ ಕೋಣೆಗಳ ಕಿಂಡಿಗಳನ್ನೆಲ್ಲ ಮುಚ್ಚಿ ಗಾಳಿಯನ್ನು ನಿಮ್ಮ ಕೋಣೆಗೆ ತಳ್ಳಲು ಹೋಗಬೇಡಿ. ಗಾಳಿ ಸಾಗುವ ಕೊಳವೆಯೊಳಗೆ ಒತ್ತಡ ಹೆಚ್ಚಿ ಯಂತ್ರಕ್ಕೇ ಕೇಡು.

ಇಷ್ಟಾದರೂ ಸೆಕೆ ಹೋಗದಿದ್ದರೆ ಎರಡನೆಯ ಯಂತ್ರ ಬೇಕೇ ಬೇಕು. ಹೊಸಬರು ಎಡವುವುದು ಇಲ್ಲಿಯೇ.

ಅಂಗಡಿಗೆ ಹೋದರೆ ಕಣ್ಣಿಗೆ ಮೊದಲು ಬೀಳುವುದು ಚಕ್ರಗಳಿರುವ ಪೋರ್ಟಬಲ್ ಎಸಿ. ಗೋಡೆ ಕೊರೆಯಬೇಕಿಲ್ಲ, ಮನೆಯ ಮಾಲೀಕರನ್ನು ಕೇಳಬೇಕಿಲ್ಲ. ದಪ್ಪನೆಯ ಕೊಳವೆಯೊಂದನ್ನು ಕಿಟಕಿಗೆ ಸಿಕ್ಕಿಸಿದರೆ ಮುಗಿಯಿತು. ನಾನು ಕೊಂಡ ಪೆಟ್ಟಿಗೆಯ ಮೇಲೆ 14,000 ಬಿಟಿಯು ಎಂದು ದಪ್ಪಕ್ಷರದಲ್ಲಿತ್ತು. ಬಿಟಿಯು ಎಂದರೆ ಶಾಖದ ಅಳತೆ; ಗಂಟೆಗೆ 12,000 ಬಿಟಿಯು ಶಾಖವನ್ನು ಹೊರಹಾಕಿದರೆ ನಮ್ಮ ಒಂದು ಟನ್. ಮೈಸೂರಿನ ಮನೆಯಲ್ಲಿ ಒಂದು ಟನ್ನಿನ ಎಸಿ ಇದಕ್ಕಿಂತ ದೊಡ್ಡ ಮಲಗುವ ಕೋಣೆಯನ್ನು ನಡುಗುವಷ್ಟು ತಂಪುಮಾಡುವುದನ್ನು ಕಂಡಿದ್ದ ನನಗೆ 120 ಚದರಡಿಯ ಕೋಣೆಗೆ ಇದು ಬೇಕಾದಷ್ಟಾಯಿತು ಎನ್ನಿಸಿತು. 480 ಡಾಲರ್ ಕೊಟ್ಟು ತಂದೆ. ಯಂತ್ರದ ಮುಂದೆ ಕೂತರೆ ಮುಖಕ್ಕೆ ತಣ್ಣನೆಯ ಗಾಳಿ ಬಡಿಯುತ್ತಿತ್ತು, ಆದರೆ ಕೋಣೆ 82ಕ್ಕಿಂತ ಕೆಳಗೆ ಇಳಿಯಲಿಲ್ಲ. ಯಂತ್ರ ಚಿಕ್ಕದಾಯಿತೇನೋ, ಕಿಟಕಿಯ ಪರದೆ ತೆಳುವಾಯಿತೇನೋ ಎಂದು ಒಂದೊಂದನ್ನೇ ಸರಿಪಡಿಸುತ್ತ ಐದು ವಾರ ಕಳೆದೆ. ಅಷ್ಟರಲ್ಲಿ ಹಿಂತಿರುಗಿಸುವ 30 ದಿನಗಳ ಗಡುವು ಮುಗಿದಿತ್ತು.

ಕಾರಣ ತಿಳಿದದ್ದು ಒಂದು ಶುಕ್ರವಾರ ಸಂಜೆ. ಅದೇ ಕೋಣೆಯ ಮೂಲೆಯಲ್ಲಿದ್ದ ದೇವರ ಮುಂದೆ ಮೈಸೂರಿನಿಂದ ತಂದ ಊದುಬತ್ತಿಯನ್ನು ಹಚ್ಚಿ, ಬಾಗಿಲ ಬಳಿಗೆ ತಂದಾಗ ಅದರ ಹೊಗೆ ಮೇಲೇಳದೆ ಬಾಗಿಲ ಸಂದಿಯಿಂದ ಒಳಮುಖವಾಗಿ ನೇರ ಗೆರೆ ಎಳೆದಂತೆ ಹರಿಯಿತು. ಆ ಯಂತ್ರಕ್ಕಿದ್ದುದು ಒಂದೇ ಕೊಳವೆ. ತನ್ನ ಬಿಸಿಯನ್ನು ಹೊರಹಾಕಲು ಅದು ಕೋಣೆಯೊಳಗಿನ ಗಾಳಿಯನ್ನೇ, ಎಂದರೆ ತಾನೇ ಈಗಷ್ಟೇ ತಂಪುಮಾಡಿದ ಗಾಳಿಯನ್ನೇ, ಎಳೆದು ಬಿಸಿಮಾಡಿ ಕಿಟಕಿಯಾಚೆ ಊದುತ್ತದೆ. ಕೆಲವೇ ನಿಮಿಷಗಳಲ್ಲಿ ಕೋಣೆಯಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಅದು ಬಾಗಿಲಡಿಯಿಂದ, ಕಿಟಕಿಯ ಸಂದಿಯಿಂದ, ದೀಪ ಕೂರಿಸಿದ ಚಾವಣಿಯ ತೂತುಗಳ ಮೂಲಕ ಕಾದ ಸೂರಿನಡಿಯಿಂದ ಬರುತ್ತದೆ. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಇರುವ ದಿನ ಯಂತ್ರ ಒಂದು ಕಡೆ ತಂಪು ಸುರಿಯುತ್ತ ಇನ್ನೊಂದು ಕಡೆ ಬಿಸಿಯನ್ನು ಬರಮಾಡಿಕೊಳ್ಳುತ್ತಿರುತ್ತದೆ.

ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೊಂದು ಅಂಕಿ ಅದೇ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದರ ಹೆಸರು ಎಸ್‌ಎಸಿಸಿ. ಅಮೆರಿಕದ ಇಂಧನ ಇಲಾಖೆ ನಿಗದಿಪಡಿಸಿದ ಅಳತೆ. ದೊಡ್ಡ ಅಕ್ಷರದ ಅಂಕಿ ಆ್ಯಶ್ರೇ ಎಂಬ ಎಂಜಿನಿಯರುಗಳ ಸಂಘದ ಹಳೆಯ ಅಳತೆಯದು. ನನ್ನ ಯಂತ್ರದಲ್ಲಿ 14,000ದ ಕೆಳಗೆ 8,500 ಎಂದಿತ್ತು. 2025ರ ಜನವರಿ 10ರಿಂದ ಪೋರ್ಟಬಲ್ ಎಸಿಗಳಿಗೂ ಕನಿಷ್ಠ ದಕ್ಷತೆಯ ನಿಯಮ ಜಾರಿಗೆ ಬಂದಿದೆ, ಒಳ್ಳೆಯದೇ. ಆದರೆ ನಿಯಮ ಬಂದ ಮಾತ್ರಕ್ಕೆ ಒಂಟಿ ಕೊಳವೆಯ ಸ್ವಭಾವ ಬದಲಾಗುವುದಿಲ್ಲ. ಪೋರ್ಟಬಲ್ ಅನ್ನೇ ಕೊಳ್ಳಬೇಕಾದ ಅನಿವಾರ್ಯವಿದ್ದರೆ, ಹೊರಗಿನ ಗಾಳಿಯನ್ನು ಎಳೆದು ಹೊರಗೇ ಬಿಡುವ ಎರಡು ಕೊಳವೆಯದನ್ನು, ಇಲ್ಲವೇ ಒಂದರೊಳಗೊಂದು ಇರುವ ಜೋಡಿ ಕೊಳವೆಯದನ್ನು ಕೊಳ್ಳಿ.

ಇದರಲ್ಲಿ ಹಣಕ್ಕಿಂತ ದೊಡ್ಡ ಅಪಾಯವೊಂದಿದೆ. ಮನೆಯೊಳಗೆ ಗ್ಯಾಸಿನಿಂದ ನೀರು ಕಾಯಿಸುವ ಹಳೆಯ ಮಾದರಿಯ ಹೀಟರ್ ಇದ್ದು, ಅದರ ಹೊಗೆ ತಾನಾಗಿ ಕೊಳವೆಯಲ್ಲಿ ಮೇಲೇರಿ ಹೋಗುವಂತಿದ್ದರೆ, ಒಳಗಿನ ಗಾಳಿಯನ್ನು ಹೀಗೆ ಹೊರಗೆಳೆಯುವ ಯಂತ್ರ ಆ ಹೊಗೆಯನ್ನು ಮನೆಯೊಳಗೇ ಹಿಂದಕ್ಕೆ ಎಳೆಯಬಲ್ಲದು. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಏನು ಮಾಡುತ್ತದೆಂದು ನಮ್ಮೂರಿನವರಿಗೆ ಹೇಳಬೇಕಿಲ್ಲ. ಈ ಹೊಗೆಯಲ್ಲಿರುವುದೂ ಅದೇ ವಿಷಾನಿಲ, ಕಾರ್ಬನ್ ಮಾನಾಕ್ಸೈಡ್. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಮನೆಯಲ್ಲಿ ಒಂಟಿ ಕೊಳವೆಯ ಎಸಿಯನ್ನು ದಯವಿಟ್ಟು ಓಡಿಸಬೇಡಿ.

ಇನ್ನು ವಿದ್ಯುತ್ತು. ಮೈಸೂರಿನಲ್ಲಿ ಎಸಿಗೆಂದೇ 16 ಆ್ಯಂಪಿಯರಿನ ಪಾಯಿಂಟ್, ಅದಕ್ಕೆಂದೇ ಒಂದು ಎಂಸಿಬಿ ಇರುತ್ತದೆ. 230 ವೋಲ್ಟ್‌ನಲ್ಲಿ ಅದು 3,600 ವ್ಯಾಟ್‌ಗೂ ಮೀರಿ ಕೊಡಬಲ್ಲದು. ಅಲ್ಲಿಯ ಕೋಣೆಯ ಪ್ಲಗ್ 120 ವೋಲ್ಟ್, ಬ್ರೇಕರ್, ಎಂದರೆ ಅಲ್ಲಿಯ ಎಂಸಿಬಿ, ಸಾಮಾನ್ಯವಾಗಿ 15 ಆ್ಯಂಪಿಯರ್; ಒಟ್ಟು 1,800 ವ್ಯಾಟ್, ಗಂಟೆಗಟ್ಟಲೆ ಓಡುವ ಯಂತ್ರಕ್ಕೆ ಅದರ 80 ಪ್ರತಿಶತ, ಎಂದರೆ 1,440. ಸಾಲದ್ದಕ್ಕೆ ಪಕ್ಕದ ಮಲಗುವ ಕೋಣೆಯ ಪ್ಲಗ್‌ಗಳೂ ಅದೇ ಬ್ರೇಕರಿನ ಮೇಲಿರಬಹುದು. ನನ್ನ ಪೋರ್ಟಬಲ್ 1,300 ವ್ಯಾಟ್ ಎಳೆಯುತ್ತಿದ್ದಾಗ ಲೇಸರ್ ಪ್ರಿಂಟರ್ ಒಂದು ಹಾಳೆ ಮುದ್ರಿಸಲು ಹೋಗಿ ಎಲ್ಲವೂ ಆರಿಹೋಯಿತು, ನಡೆಯುತ್ತಿದ್ದ ಸಭೆಯೂ ಸೇರಿ. ಎಸಿಯನ್ನು ಗೋಡೆಯ ಪ್ಲಗ್‌ಗೇ ನೇರವಾಗಿ ಹಾಕಿ. ಎಕ್ಸ್‌ಟೆನ್ಷನ್ ಪೆಟ್ಟಿಗೆ ಬೆಂಕಿಗೆ ದಾರಿ.

ನಿಜವಾಗಿ ಬೇಕಾದದ್ದು ಚಿಕ್ಕ ಯಂತ್ರ. 100ರಿಂದ 150 ಚದರಡಿಯ ಕೋಣೆಗೆ 5,000 ಬಿಟಿಯು ಸಾಕೆಂಬುದು ಅಲ್ಲಿಯ ಸರ್ಕಾರದ ಪಟ್ಟಿ. ಬಿಸಿಲು ಬೀಳುವ ಕೋಣೆಗೆ ಹತ್ತರಲ್ಲೊಂದು ಪಾಲು ಹೆಚ್ಚು ಮಾಡಬೇಕು; ಕಂಪ್ಯೂಟರ್, ಎರಡು ಪರದೆ ಸೇರಿ 300 ವ್ಯಾಟ್ ಎಂದರೆ, ಒಂದು ವ್ಯಾಟ್‌ಗೆ 3.4ರಂತೆ, ಇನ್ನೊಂದು ಸಾವಿರ ಬಿಟಿಯು. ಕಿಟಕಿಯಲ್ಲಿ ಕೂರುವ 6,000–7,000 ಬಿಟಿಯುವಿನ ಎಸಿ ಇಷ್ಟನ್ನು 600 ವ್ಯಾಟ್‌ನ ಆಸುಪಾಸಿನಲ್ಲೇ ಮಾಡಿ ಮುಗಿಸುತ್ತದೆ. ಅದರ ಬಿಸಿಯ ಭಾಗವೆಲ್ಲ ಹೊರಗಿರುವುದರಿಂದ ಕೋಣೆಯ ಗಾಳಿ ಕೋಣೆಯಲ್ಲೇ ಉಳಿಯುತ್ತದೆ. ಮೇಲಕ್ಕೆ ಎತ್ತುವ ಕಿಟಕಿಯಾದರೆ ಸುಲಭವಾಗಿ ಕೂರುತ್ತದೆ. ಬಡಾವಣೆಯ ಮನೆಮಾಲೀಕರ ಸಂಘದ ನಿಯಮಗಳನ್ನು ಮಾತ್ರ ಮೊದಲು ಓದಿ. ಬೀದಿಗೆ ಕಾಣುವ ಕಿಟಕಿಯಲ್ಲಿ ಎಸಿ ಇಡುವುದನ್ನು ಹಲವು ಸಂಘಗಳು ನಿಷೇಧಿಸಿ ದಂಡ ಹಾಕುತ್ತವೆ. ಬಾಡಿಗೆಯವರು ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು.

ಸ್ವಂತ ಮನೆಯಾದರೆ ಸ್ಪ್ಲಿಟ್ ಎಸಿ ಹಾಕಿಸಬಹುದು. ಅಲ್ಲಿ ಅದರ ಹೆಸರು ಮಿನಿ ಸ್ಪ್ಲಿಟ್. ಮೈಸೂರಿನಲ್ಲಿ ಇಬ್ಬರು ಹುಡುಗರು ಡ್ರಿಲ್ಲು, ತಾಮ್ರದ ಪೈಪು ಹಿಡಿದು ಬಂದು ಒಂದು ಮಧ್ಯಾಹ್ನದಲ್ಲಿ ಮುಗಿಸಿಹೋಗುವ ಕೆಲಸಕ್ಕೆ ಅಲ್ಲಿ ಪರವಾನಗಿ ಇರುವ ಗುತ್ತಿಗೆದಾರರು, ಬೇರೆ ವಿದ್ಯುತ್ ಲೈನು, ಹೆಚ್ಚಿನ ಊರುಗಳಲ್ಲಿ ನಗರಾಡಳಿತದ ಅನುಮತಿ ಬೇಕು. ಎಷ್ಟೋ ಸಲ ಕೂಲಿಯೇ ಯಂತ್ರದ ಬೆಲೆಯನ್ನು ಮೀರುತ್ತದೆ. ಮನೆಯ ಮೂಲೆಮೂಲೆಯ ತೇವವನ್ನೂ ಸೆಕೆಯನ್ನೂ ಒಂದೇ ಯಂತ್ರ ನೋಡಿಕೊಳ್ಳುವ ಅವರ ವ್ಯವಸ್ಥೆಗೆ ಅದರದೇ ಸುಖವಿದೆ. ಆದರೂ ಒಬ್ಬರು ಕೂತು ಕೆಲಸ ಮಾಡುವ ಒಂದು ಕೋಣೆಗಾಗಿ 2,500 ಚದರಡಿಯನ್ನು ತಂಪುಮಾಡುವುದಕ್ಕಿಂತ, ಇರುವ ಕೋಣೆಯನ್ನಷ್ಟೇ ತಂಪುಮಾಡುವ ನಮ್ಮ ರೂಢಿಯೇ ಮೇಲೆಂದು ನಾನು ಖಂಡಿತವಾಗಿ ನಂಬುತ್ತೇನೆ.

ಮಂಡ್ಯದ ಹುಡುಗನಿಗೆ ಕೊನೆಗೆ ಹೇಳಿದ್ದಿಷ್ಟು: ಯಾವ ಯಂತ್ರವನ್ನೇ ಕೊಳ್ಳಲಿ, ಹಿಂತಿರುಗಿಸುವ ಗಡುವನ್ನು ರಸೀದಿಯಲ್ಲಿ ಓದಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು, ರಟ್ಟಿನ ಪೆಟ್ಟಿಗೆಯನ್ನು ಹರಿಯಬಾರದು, ಮೊದಲ ವಾರದಲ್ಲೇ ಸುಡುಬಿಸಿಲಿನ ಒಂದು ದಿನ ನಾಲ್ಕು ಗಂಟೆಗೆ ಬಾಗಿಲ ಸಂದಿಗೆ ಊದುಬತ್ತಿ ಹಿಡಿದು ನೋಡಬೇಕು. ಅವನ ಅಜ್ಜಿ ಆಗಲೇ ಎರಡು ಪೊಟ್ಟಣ ಊದುಬತ್ತಿಯನ್ನು ಸೂಟ್‌ಕೇಸಿನಲ್ಲಿ ಇಟ್ಟಿದ್ದಾರೆ.