ಬೀಜ ಬಿಡದೆ ಫಾಸ್ಫರಸ್ ಹತೋಟಿಗೆ ತಂದೆ

ಮೊನ್ನೆಯ ರಕ್ತದ ರಿಪೋರ್ಟ್‌ನಲ್ಲಿ ಫಾಸ್ಫರಸ್ 4.1, ಪೊಟ್ಯಾಶಿಯಂ 4.7. ಸತತ ಮೂರನೇ ಸಲ ಎರಡೂ ಮಿತಿಯೊಳಗಿವೆ. ಇವೆರಡೂ ಜಾಸ್ತಿ ಇರೋದ್ರಿಂದ ಕಿಡ್ನಿ ಕೆಟ್ಟವರು ಕುಂಬಳ, ಅಗಸೆಯಂಥ ಬೀಜದ ಕಡೆ ತಿರುಗಿಯೂ ನೋಡಬಾರದು ಅಂದವರಿಗೆಲ್ಲ ಆ ರಿಪೋರ್ಟ್ ತೋರಿಸಿದೆ. ನನ್ನದು ಕಿಡ್ನಿ ಕಾಯಿಲೆಯ ನಾಲ್ಕನೇ ಹಂತ, ಡಯಾಲಿಸಿಸ್ ಇನ್ನೂ ಬಂದಿಲ್ಲ.

ಮೊದಲು ನಾನು ಎಡವಿದ್ದು ಹಿಡಿ ಲೆಕ್ಕದಲ್ಲಿ. ಒಂದು ಹಿಡಿ ಕುಂಬಳ ಬೀಜ ಅಂದರೆ ಹೆಚ್ಚುಕಡಿಮೆ 30 ಗ್ರಾಂ. ಅಷ್ಟರಲ್ಲೇ 350 ಮಿಲಿಗ್ರಾಂ ಫಾಸ್ಫರಸ್. ನನಗೆ ದಿನಕ್ಕೆ ಹೇಳಿದ್ದೇ 800. ಇನ್ನು ಮೂರು ಹೊತ್ತಿನ ಊಟಕ್ಕೆ ಏನು ಉಳಿಯಿತು?

ಎರಡನೇ ತಪ್ಪು ಇನ್ನೂ ದುಬಾರಿ. ‘ಸೋಡಿಯಂ ಕಡಿಮೆ’ ಅಂತ ಬರೆದಿದ್ದ ಹುರಿದ ಬೀಜದ ದೊಡ್ಡ ಪ್ಯಾಕ್‌ಗಳನ್ನು ತಂದೆ. ಪೊಟ್ಯಾಶಿಯಂ 5.8ಕ್ಕೆ ಏರಿತು. ಹಿಂಬದಿ ಓದಿದರೆ, ಉಪ್ಪಿನ ಬದಲು ಪೊಟ್ಯಾಶಿಯಂ ಕ್ಲೋರೈಡ್ ಹಾಕಿದ್ದಾರೆ! ಅಷ್ಟನ್ನೂ ಬಿಸಾಕಿದೆ. ಆ ತಿಂಗಳು ಮತ್ತೆ ಮತ್ತೆ ಮಾಡಿಸಿದ ರಕ್ತ ಪರೀಕ್ಷೆಗೆ ಬೀಜಕ್ಕಿಂತ ಜಾಸ್ತಿ ದುಡ್ಡು ಹೋಯಿತು.

ಕೊನೆಗೆ ಕೈಹಿಡಿದದ್ದು ಗ್ರಾಂ ತಕ್ಕಡಿ. ಉಪ್ಪು ಹಾಕದ ಹಸಿ ಬೀಜ, ದಿನಕ್ಕೆ 10 ಗ್ರಾಂ, ಅದೂ ಒಂದೇ ಬಗೆಯದು. ಅಗಸೆಯಲ್ಲಿ ಅಷ್ಟಕ್ಕೆ 65 ಮಿಲಿಗ್ರಾಂ ಫಾಸ್ಫರಸ್, 80ರಷ್ಟು ಪೊಟ್ಯಾಶಿಯಂ. ಅದನ್ನು ಪುಡಿ ಮಾಡಿಯೇ ತಿನ್ನಬೇಕು, ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತೆ. ಕುಂಬಳ ಬೀಜದ ಫಾಸ್ಫರಸ್ ಇದರ ಎರಡರಷ್ಟು ಹತ್ತಿರ, ಹಾಗಾಗಿ ವಾರಕ್ಕೆ ಒಂದೇ ಸಲ. ಹಾಲಿನಲ್ಲೂ ಫಾಸ್ಫರಸ್ ಇರೋದ್ರಿಂದ, ಬೀಜ ತಿಂದ ದಿನ ಹಾಲಿನ ಪದಾರ್ಥ ಒಂದನ್ನು ಬಿಡುತ್ತೇನೆ. ಇನ್ನೊಂದು, ಬೀಜ ಊಟದ ಜೊತೆಗೇ. ಊಟದ ಫಾಸ್ಫರಸ್ ರಕ್ತಕ್ಕೆ ಸೇರದಂತೆ ಹಿಡಿದಿಡೋ ಬೈಂಡರ್ ಮಾತ್ರೆ ಕೆಲಸ ಮಾಡೋದು ಆಗ ಮಾತ್ರ. ಮಧ್ಯಾಹ್ನ ಸುಮ್ನೆ ಬಾಯಾಡಿಸಿದ ಬೀಜಕ್ಕೆ ಮಾತ್ರೆಯ ಕಾವಲೇ ಇರಲಿಲ್ಲ, ಇದು ತಿಳಿಯೋಕೆ ನನಗೆ ಒಂದು ವರ್ಷ ಬೇಕಾಯಿತು.

ನಡುವೆ ಮೊಳಕೆ ಬರಿಸಿಯೂ ನೋಡಿದೆ. ಬೇರೆಯವರಿಗೆ ಅದು ಒಳ್ಳೆಯದೇ. ಆದರೆ ಬೀಜದ ಫಾಸ್ಫರಸ್ ಬಹುಪಾಲು ಫೈಟೇಟ್ ಅನ್ನೋ ಸಂಯುಕ್ತದಲ್ಲಿ ಬೀಗ ಹಾಕಿಕೊಂಡು ಕೂತಿರುತ್ತೆ, ನಮ್ಮ ಹೊಟ್ಟೆಗೆ ಅದರಲ್ಲಿ ಸ್ವಲ್ಪವೇ ಸಿಗೋದು. ಮೊಳಕೆ ಬಂದರೆ ಬೀಗ ಸಡಿಲವಾಗುತ್ತೆ. ನಮಗೆ ಬೀಗ ಇರೋದೇ ಲಾಭ ಅಲ್ವಾ, ಬಿಟ್ಟುಬಿಟ್ಟೆ. ಚಿಯಾ ತನ್ನ ತೂಕದ ಹತ್ತರಷ್ಟು ನೀರು ಹೀರುತ್ತೆ. ನೀರಿನ ಮಿತಿ ಇರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉಪ್ಪಿಲ್ಲದ ಬೀಜಕ್ಕೆ ರುಚಿ ಬರಿಸೋ ಪುಡಿ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನನ್ನ ಗ್ರಾಂ ಲೆಕ್ಕ ನಿಮಗೆ ಹೊಂದುತ್ತಾ ಅಂತ ಮೊದಲು ನಿಮ್ಮ ರಿಪೋರ್ಟ್ ಇಟ್ಟುಕೊಂಡು ಡಯಟೀಷಿಯನ್ ಹತ್ತಿರ ಕೇಳಿ. ಪೊಟ್ಯಾಶಿಯಂ 5 ದಾಟಿದರೆ ನನ್ನ ಮನೆಯಲ್ಲೂ ಬೀಜದ ಡಬ್ಬ ಮೇಲಿನ ಕಪಾಟಿಗೆ ಹೋಗುತ್ತೆ, ಅವರು ಸರಿ ಅನ್ನೋವರೆಗೂ ಕೆಳಗಿಳಿಯಲ್ಲ.